ಕೆಟ್ಟ ಯಂತ್ರ ಗಂಟುಬಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕೇ?

ಪರ

ಸುಲಿಯೋಕೆ ಆಳು ಸಿಗಲ್ಲ ಅಂತ ಶಿವಮೊಗ್ಗದಿಂದ ಅಡಿಕೆ ಸುಲಿಯುವ ಯಂತ್ರ ತಂದಿರಿ. ಕೊಯ್ಲು ಶುರುವಾದ ವಾರದಲ್ಲೇ ಅದು ಸಿಪ್ಪೆ ಬಿಡಿಸುವ ಬದಲು ಕಾಯಿಯನ್ನೇ ಒಡೆಯತೊಡಗಿತು. ಅಂಗಡಿಯವರು "ಕಂಪನಿಗೆ ಹೇಳಿದ್ದೀವಿ" ಅನ್ನುತ್ತಾರೆ. ಕಂಪನಿಯವರು "ಅಂಗಡೀಲಿ ಕೇಳಿ" ಅನ್ನುತ್ತಾರೆ. ಇತ್ತ ಹಸಿ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿದೆ. ಬೇಗ ಸುಲಿದು ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ಬೇಯಿಸದಿದ್ದರೆ ಬಣ್ಣವೂ ಹೋಯಿತು, ರೇಟೂ ಹೋಯಿತು. ಇಷ್ಟಾದ ಮೇಲೂ ದೂರು ಕೊಡದೆ ಕೂತರೆ ಲಾಭ ಯಾರಿಗೆ?

ಜನ ಹೆದರುವುದು ಖರ್ಚಿಗೆ. ಆದರೆ 5 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ಮಾಲಿನ ದೂರಿಗೆ ಶುಲ್ಕವೇ ಇಲ್ಲ. ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಇನ್ನೊಂದು ಅನುಕೂಲ ಆಗಿದೆ. ಕಂಪನಿ ಕೊಯಮತ್ತೂರಿನಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

"ಇದು ವ್ಯಾಪಾರಕ್ಕೆ ತಗೊಂಡ ಯಂತ್ರ, ನೀವು ಗ್ರಾಹಕರೇ ಅಲ್ಲ" ಅಂತ ಎದುರಿನವರು ವಾದ ಹೂಡಬಹುದು. ಅದಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ: ಹೊಟ್ಟೆಪಾಡಿಗೆ, ಸ್ವಂತ ದುಡಿಮೆಗೆ ಕೊಂಡದ್ದು ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ. ಆಳಿಟ್ಟು ಊರೆಲ್ಲ ಬಾಡಿಗೆಗೆ ಓಡಿಸುವವರಿಗೆ ಮಾತ್ರ ಸ್ವಲ್ಪ ಕಷ್ಟ.

ನಿಮ್ಮ ಕಡೆ ಆದೇಶ ಆದರೆ ಕಂಪನಿ ಸುಮ್ನೆ ಮೇಲಿನ ಆಯೋಗಕ್ಕೆ ಅಪೀಲು ಹೋಗುವ ಹಾಗಿಲ್ಲ. ಆದೇಶವಾದ ಹಣದಲ್ಲಿ ಅರ್ಧ ಮೊದಲು ಠೇವಣಿ ಇಡಬೇಕು. ರಾಜಿಯ ಬಾಗಿಲೂ ಮುಚ್ಚಿರುವುದಿಲ್ಲ. ಇಬ್ಬರೂ ಒಪ್ಪಿದರೆ ಆಯೋಗವೇ ಮಧ್ಯಸ್ಥಿಕೆಗೆ ಕಳಿಸುತ್ತದೆ.

ವಿರೋಧ

ದೂರನ್ನು 3 ತಿಂಗಳಲ್ಲಿ ಮುಗಿಸಲು ನೋಡಬೇಕು, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಅನ್ನುತ್ತದೆ ಕಾಯ್ದೆ. ಓದೋಕೆ ಚೆನ್ನಾಗಿದೆ. ವಾಯಿದೆ ಮೇಲೆ ವಾಯಿದೆ ಬಿದ್ದರೆ ಅಷ್ಟರಲ್ಲಿ ಮುಂದಿನ ಕೊಯ್ಲೇ ಬಂದಿರುತ್ತದೆ. ಹೊಸನಗರದ ಒಳಗಿನ ಹಳ್ಳಿಯವರಿಗೆ ಶಿವಮೊಗ್ಗಕ್ಕೆ ಬಂದುಹೋಗುವುದು ಅಂದರೆ ಒಂದು ದಿನದ ಕೆಲಸ, ಮಳೆಗಾಲದಲ್ಲಿ ಕೇಳೋದೇ ಬೇಡ. ವಿಡಿಯೊ ವಿಚಾರಣೆಗೂ ಅವಕಾಶ ಇದೆ. ಆದರೆ ನಮ್ಮ ಕಡೆ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಅಲ್ವಾ?

ಅದಕ್ಕಿಂತ ದೊಡ್ಡ ತಲೆನೋವು ದಾಖಲೆಯದು. ಜಿಎಸ್‌ಟಿ ಉಳಿಯಲಿ ಅಂತ ಎಷ್ಟೋ ಜನ ಬಿಳಿ ಚೀಟಿಯಲ್ಲಿ ರೇಟು ಬರೆಸಿಕೊಂಡು ಬಂದಿರುತ್ತಾರೆ. ಅದರ ಮೇಲೆ ಯಂತ್ರದ ನಂಬರ್ ಇಲ್ಲ, ಕೆಲವು ಸಲ ಅಂಗಡಿಯ ಸೀಲೂ ಇಲ್ಲ. ವಾರಂಟಿ ಕಾರ್ಡ್ ಖಾಲಿ. ಇಷ್ಟನ್ನು ಹಿಡಿದುಕೊಂಡು ಕಂಪನಿಯ ವಕೀಲರ ಎದುರು ಏನು ಸಾಬೀತು ಮಾಡುತ್ತೀರಿ?

ಇನ್ನು ನಾಳೆ ಬ್ಲೇಡು, ಬೆಲ್ಟು, ಬೇರಿಂಗು ಬೇಕಾದಾಗ ಹೋಗಬೇಕಾದ್ದು ಅದೇ ಅಂಗಡಿಗೆ. ಹಾಗಾಗಿ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಬಗ್ಗದಿದ್ದರೆ ಲೋಕ ಅದಾಲತ್ ಇದೆ. ಕೇಸು ಹಾಕುವ ಮೊದಲೇ ಅಲ್ಲಿಗೆ ಹೋಗಬಹುದು. ಇಬ್ಬರೂ ಒಪ್ಪಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಗಟ್ಟಿ, ಅದರ ಮೇಲೆ ಅಪೀಲೂ ಇಲ್ಲ. ಪೂರ್ತಿ ದುಡ್ಡು ಬರದೇ ಇರಬಹುದು. ಈ ಕೊಯ್ಲಿಗೆ ಸುಲಿಯುವ ಬೇರೆ ಯಂತ್ರ ಬಂದರೆ ಅದೇ ಜಾಸ್ತಿ.

ಒಂದು ಎಚ್ಚರ ಇರಲಿ. ಆಯೋಗಕ್ಕೆ ದೂರು ಕೊಡಲು ಗಡುವು 2 ವರ್ಷ. "ಬ್ಲೇಡ್ ಬದಲಿಸಿ ಕೊಡ್ತೀವಿ ಬಿಡಿ" ಅನ್ನುತ್ತಲೇ ಎರಡು ಕೊಯ್ಲು ದಾಟಿಸುವ ಅಂಗಡಿಯವರೂ ಇದ್ದಾರೆ. ಮಾತುಕತೆ ಏನೇ ಇದ್ದರೂ ವಾಟ್ಸಾಪಿನಲ್ಲಿ, ಬರಹದಲ್ಲೇ ಆಗಲಿ.