ಕಾಲು ಚಾಚುವ ಸ್ಕೂಟರು

ನಮ್ಮಲ್ಲಿ ಸ್ಕೂಟರನ್ನು ಪರೀಕ್ಷೆ ಮಾಡಿ ಕೊಳ್ಳುವವರು ಕಡಿಮೆ. ಮೋಟಾರ್ ಸೈಕಲ್ಲಾದರೆ ಷೋರೂಮಿನಿಂದ ರಿಂಗ್ ರೋಡಿನವರೆಗೆ ಒಂದು ಟೆಸ್ಟ್ ರೈಡ್, ಗೇರು ಬೀಳುವ ರೀತಿಯ ಬಗ್ಗೆ ನಾಲ್ಕು ಮಾತು, ಸೈಲೆನ್ಸರಿನ ಸದ್ದಿನ ಬಗ್ಗೆ ಎರಡು ಮಾತು ಇದ್ದೇ ಇರುತ್ತವೆ. ಸ್ಕೂಟರಿನ ವಿಷಯಕ್ಕೆ ಬಂದರೆ, ಪಕ್ಕದ ಮನೆಯವರು ಯಾವುದನ್ನು ಇಟ್ಟುಕೊಂಡಿದ್ದಾರೆ, ಸೀಟಿನ ಕೆಳಗೆ ಹೆಲ್ಮೆಟ್ ಹಿಡಿಸುತ್ತದೆಯೇ, ಕಾಲಿಡುವ ಜಾಗದಲ್ಲಿ ಗ್ಯಾಸ್ ಸಿಲಿಂಡರ್ ನಿಲ್ಲುತ್ತದೆಯೇ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಹೀಗಾಗಿ ಗೆಳೆಯರೊಬ್ಬರು ತಾವು ಕೊಂಡ ಬಿಎಂಡಬ್ಲ್ಯು ಸಿ 400 ಜಿಟಿ ಎಂಬ ಭಾರಿ ಸ್ಕೂಟರನ್ನು ನನಗೆ ಒಪ್ಪಿಸಿ, "ಒಂದಿಷ್ಟು ದೂರ ಓಡಿಸಿ ನೋಡಿ, ಹೇಗಿದೆ ಹೇಳಿ" ಎಂದಾಗ, ಇದರಲ್ಲಿ ನೋಡಬೇಕಾದದ್ದು ಏನು ಎಂಬ ಪ್ರಶ್ನೆಯೇ ಮೊದಲು ಎದ್ದಿತು. ವೇಗವನ್ನು ನೋಡೋಣವೆಂದರೆ, ಇದರ ಅರ್ಧ ಬೆಲೆಗೆ ಇದನ್ನು ಹಿಂದೆ ಹಾಕುವ ಮೋಟಾರ್ ಸೈಕಲ್ಲುಗಳು ಸಿಗುತ್ತವೆ. ಉಪಯೋಗವನ್ನು ನೋಡೋಣವೆಂದರೆ, ಇದರ ಹತ್ತನೇ ಒಂದು ಭಾಗದ ಬೆಲೆಗೆ ಇದಕ್ಕಿಂತ ಹೆಚ್ಚು ಹೊರುವ ಸ್ಕೂಟರುಗಳು ಬೀದಿ ಬೀದಿಯಲ್ಲಿವೆ. ಉಳಿಯುವುದು ಸುಖವೊಂದೇ. ಆದರೆ ಸುಖವನ್ನು ಅಳೆಯುವ ಮೀಟರು ಯಾವ ಡ್ಯಾಷ್‌ಬೋರ್ಡಿನಲ್ಲೂ ಇರುವುದಿಲ್ಲ.

ಅಂಕಿಗಳನ್ನು ಬೇಗ ಮುಗಿಸಿಬಿಡುತ್ತೇನೆ. ಈ ಗಾಡಿ 2021ರಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಇದರ ಷೋರೂಮ್ ಬೆಲೆ 9.95 ಲಕ್ಷ ರೂಪಾಯಿ. ಹೆಸರಿನಲ್ಲಿ 400 ಇದ್ದರೂ ಎಂಜಿನ್ 350 ಸಿಸಿಯದು; ಒಂದೇ ಸಿಲಿಂಡರ್, 34 ಅಶ್ವಶಕ್ತಿ. ಟ್ಯಾಂಕಿನಲ್ಲಿ 12.8 ಲೀಟರ್ ಪೆಟ್ರೋಲ್ ಹಿಡಿಯುತ್ತದೆ, ಗರಿಷ್ಠ ವೇಗ ಗಂಟೆಗೆ 139 ಕಿಲೋಮೀಟರ್. ತೂಕ 214 ಕಿಲೋ, ಅಂದರೆ ಎರಡು ಆ್ಯಕ್ಟಿವಾಗಳನ್ನು ತಕ್ಕಡಿಯ ಒಂದು ಕಡೆಗೆ ಇಟ್ಟರೆ ಇನ್ನೊಂದು ಕಡೆಗೆ ಇದೊಂದೇ ಸಾಕು. ಮನೆಯ ಮುಂದಿನ ಇಳಿಜಾರಿನಲ್ಲಿ ಇದನ್ನು ಹಿಂದಕ್ಕೆ ತಳ್ಳುವಾಗ ಈ ಸಂಖ್ಯೆ ಸೊಂಟಕ್ಕೆ ಚೆನ್ನಾಗಿ ಮನದಟ್ಟಾಗುತ್ತದೆ.

ಇಂಥ ಸ್ಕೂಟರುಗಳಿಗೆ ಮ್ಯಾಕ್ಸಿ ಸ್ಕೂಟರ್ ಎಂದು ಹೆಸರು. 1986ರಲ್ಲಿ ಹೋಂಡಾ ಕಂಪನಿ ಹೀಲಿಕ್ಸ್ ಎಂಬ 250 ಸಿಸಿಯ ಉದ್ದನೆಯ, ತಗ್ಗಿನ ಸ್ಕೂಟರನ್ನು ತಂದಿತು. 1995ರಲ್ಲಿ ಯಮಹಾದ ಮೆಜೆಸ್ಟಿ, 1998ರಲ್ಲಿ ಸುಜುಕಿಯ ಬರ್ಗ್‌ಮನ್, 2001ರಲ್ಲಿ ಯಮಹಾದ ಟಿ-ಮ್ಯಾಕ್ಸ್ ಬಂದವು. 2002ರ ಹೊತ್ತಿಗೆ ಬರ್ಗ್‌ಮನ್ 638 ಸಿಸಿಯ, ಎರಡು ಸಿಲಿಂಡರುಗಳ ಗಾತ್ರಕ್ಕೆ ಬೆಳೆದಿತ್ತು. ಹುಟ್ಟಿದ್ದು ಜಪಾನಿನಲ್ಲಾದರೂ ಇವುಗಳಿಗೆ ಅತಿಯಾದ ಆದರ ಸಿಕ್ಕಿದ್ದು ರೋಮ್, ಮಿಲಾನ್, ಪ್ಯಾರಿಸ್ ನಗರಗಳಲ್ಲಿ. ಅಲ್ಲಿ ಸೂಟು ಹಾಕಿಕೊಂಡವರು ಚಳಿಗಾಲದಲ್ಲಿ ಮೊಣಕಾಲಿಗೆ ದಪ್ಪನೆಯ ಹೊದಿಕೆಯೊಂದನ್ನು ಗಾಡಿಗೇ ಕಟ್ಟಿಕೊಂಡು ಕಚೇರಿಗೆ ಹೋಗುತ್ತಾರೆ. ವಾರದ ಕೊನೆಗೆ ಅದೇ ಗಾಡಿಯಲ್ಲಿ ದೂರದ ಊರಿಗೂ ಹೊರಡುತ್ತಾರೆ. ನಮ್ಮಲ್ಲಿಗೆ 2018ರಲ್ಲಿ ಬಂದ ಬರ್ಗ್‌ಮನ್ ಸ್ಟ್ರೀಟ್ ಮೈಕಟ್ಟಿನಲ್ಲಿ ಅಣ್ಣನನ್ನು ಹೋಲುತ್ತದೆ, ಎಂಜಿನ್ನಿನಲ್ಲಿ ಮಾತ್ರ 125 ಸಿಸಿಯ ಕಿರಿಯ ತಮ್ಮ. ಮೈಲೇಜಿನ ದೇಶಕ್ಕೆ ಅದು ಸರಿಯಾದ ಲೆಕ್ಕಾಚಾರವೇ ಇರಬೇಕು.

ಇನ್ನು ಕೂರುವ ವಿಚಾರ. ಮೋಟಾರ್ ಸೈಕಲ್ಲಿನ ಮೇಲೆ ನಾವು ಏರಿ ಕೂರುತ್ತೇವೆ. ಇದರಲ್ಲಿ ಒಳಗೆ ಇಳಿದು ಕೂತಂತೆ ಆಗುತ್ತದೆ. ನೆಲದಿಂದ 775 ಮಿಲಿಮೀಟರ್ ಎತ್ತರದ ಸೀಟು ಅಷ್ಟೇನೂ ಎತ್ತರವಲ್ಲ. ಆದರೆ ಅದರ ಅಗಲದಿಂದಾಗಿ ತೊಡೆಗಳು ದೂರ ಸರಿದು, ಸಿಗ್ನಲ್ಲಿನಲ್ಲಿ ನನ್ನಂಥ ಸಾಧಾರಣ ಎತ್ತರದವರ ಕಾಲ ತುದಿಯಷ್ಟೇ ನೆಲ ಮುಟ್ಟುತ್ತದೆ. ಒಮ್ಮೆ ಗಾಡಿ ಹೊರಟಿತೆಂದರೆ ನಿಜವಾದ ಭೋಗ ಶುರು. ಕಾಲಿಡುವ ಹಲಗೆ ಮುಂದೆ ಹೋದಂತೆ ಮೇಲಕ್ಕೆ ಓರೆಯಾಗಿ ಏರಿದೆ. ಊರೊಳಗೆ ಪಾದಗಳನ್ನು ಕೆಳಗೆ ಸಪಾಟಾಗಿ ಇಡಬಹುದು. ಹೆದ್ದಾರಿಗೆ ಬಂದ ಮೇಲೆ ಆ ಓರೆಯ ಮೇಲಿಟ್ಟು ಮೊಣಕಾಲು ಸಡಿಲಿಸಿ, ಜಗಲಿಯ ಆರಾಮ ಕುರ್ಚಿಯಲ್ಲಿ ಒರಗಿದ ಅಜ್ಜನಂತೆ ಸಾಗಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿಸಿಕೊಂಡು ಬೆಳೆದ ನಮ್ಮಂಥವರಿಗೆ ಇಲ್ಲೊಂದು ಇಕ್ಕಟ್ಟಿದೆ. ಈ ಹಾಸಿಗೆಯಲ್ಲಿ ಕಾಲು ಚಾಚಲು ಜಾಗ ಬೇಕಾದಷ್ಟಿದೆ, ಹಾಸಿಗೆಯನ್ನು ಕೊಳ್ಳುವ ಹೊತ್ತಿಗೆ ಮಾತ್ರ ಕಾಲನ್ನು ಬಹಳವೇ ಚಾಚಬೇಕಾಗುತ್ತದೆ.

ಚಾಚಿದ ಕಾಲಿಗೆ ಇದರಲ್ಲಿ ಕೆಲಸವೂ ಇಲ್ಲ. ಗೇರು ಇಲ್ಲ, ಹಿಂದಿನ ಬ್ರೇಕು ಎಡಗೈಯಲ್ಲಿದೆ. ಎಂಜಿನ್ನಿನ ಪಕ್ಕದಲ್ಲಿ ಎರಡು ರಾಟೆಗಳು, ಅವುಗಳ ನಡುವೆ ಒಂದು ಬೆಲ್ಟು. ಎಂಜಿನ್ ಜೋರಾಗಿ ತಿರುಗಿದಂತೆ ಮುಂದಿನ ರಾಟೆಯೊಳಗಿನ ರೋಲರುಗಳು ಹೊರಕ್ಕೆ ಸರಿದು ರಾಟೆಯ ಎರಡು ತಟ್ಟೆಗಳನ್ನು ಒತ್ತಿ ಹತ್ತಿರ ತರುತ್ತವೆ. ಬೆಲ್ಟು ಅಲ್ಲಿ ಮೇಲಕ್ಕೇರುತ್ತದೆ, ಹಿಂದಿನ ರಾಟೆಯಲ್ಲಿ ಅಷ್ಟೇ ಒಳಕ್ಕೆ ಇಳಿಯುತ್ತದೆ. ಹೀಗೆ ಒಂದು ಗೇರಿನಿಂದ ಇನ್ನೊಂದಕ್ಕೆ ನೆಗೆಯುವ ಬದಲು ಲೆಕ್ಕವಿಲ್ಲದಷ್ಟು ಗೇರುಗಳ ಮೇಲೆ ಜಾರಿಕೊಂಡು ಹೋದಂತಾಗುತ್ತದೆ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಲ್ಲೂ ಇದ್ದದ್ದು ಇದೇ ಏರ್ಪಾಡು. ಎಡಗೈಯ ಹಿಡಿಕೆಯನ್ನು ತಿರುಚಿ ಗೇರು ಹಾಕುತ್ತಿದ್ದ, ಹೊರಡುವ ಮುನ್ನ ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ ಆಮೇಲೆ ಕಿಕ್ ಹೊಡೆಯುತ್ತಿದ್ದ ಚೇತಕ್ ಕಾಲದವರಿಗೆ ಅದು ಪವಾಡದಂತೆ ಕಂಡಿತ್ತು. ಸಿ 400 ಜಿಟಿಯಲ್ಲಿ ಆ ಪವಾಡಕ್ಕೆ ತಾಕತ್ತು ಸೇರಿಕೊಂಡಿದೆ. ಆಕ್ಸಿಲರೇಟರ್ ತಿರುಗಿಸಿದರೆ ಮೊದಲು ಎಂಜಿನ್ನಿನ ಸದ್ದು ಏರಿ ಒಂದು ಸ್ವರದಲ್ಲಿ ನಿಲ್ಲುತ್ತದೆ, ಆ ಸ್ವರ ಅಲ್ಲಾಡದೆಯೇ ವೇಗ ಮಾತ್ರ ಏರುತ್ತಾ ಹೋಗುತ್ತದೆ. ಕಿವಿಗೂ ಕಣ್ಣಿಗೂ ತಾಳೆ ಬೀಳದ ಈ ಅನುಭವ ಕೆಲವರಿಗೆ ರುಚಿಸುವುದಿಲ್ಲ. ನನಗೆ ಹಿಡಿಸಿತು.

ಸುಖದ ಅಳತೆಗೋಲು ಸಿಕ್ಕಿದ್ದು ಹಿಂದಿನ ಸೀಟಿನಿಂದ. ಗೇರಿನ ಬೈಕಿನಲ್ಲಿ ಇಬ್ಬರು ಹೋಗುವಾಗ, ಪ್ರತಿ ಸಲ ಗೇರು ಬದಲಾಯಿಸಿದಾಗಲೂ ಗಾಡಿ ಒಂದು ಕ್ಷಣ ತಡೆದು ಮುಂದೆ ಹೋಗುವುದರಿಂದ, ಹಿಂದೆ ಕೂತವರ ಹೆಲ್ಮೆಟ್ ಮುಂದಿನವರ ಹೆಲ್ಮೆಟ್ಟಿಗೆ 'ಟಕ್' ಎಂದು ಬಡಿಯುತ್ತದೆ. ದಾಂಪತ್ಯದಲ್ಲಿ ಈ ಟಕ್ಕಿಗೆ ನಾನಾ ಅರ್ಥಗಳಿವೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆಂದು ಇಬ್ಬರೂ ಹೊರಟು, ನೆಲಮಂಗಲ ದಾಟಿ ಕುಣಿಗಲ್ ಕಡೆಗೆ ತಿರುಗಿದ ಮೇಲೆ ಬಹಳ ಹೊತ್ತು ಒಂದೂ ಟಕ್ ಕೇಳಿಸದಿದ್ದಾಗ, ಹೆಂಡತಿ ಕೂತಿದ್ದಾಳೆಯೇ ಎಂದು ಕನ್ನಡಿಯಲ್ಲಿ ನೋಡಬೇಕಾಯಿತು. ಯಡಿಯೂರಿನ ಹತ್ತಿರ "ನಿದ್ದೆ ಬರುತ್ತೆ ರೀ, ಎಲ್ಲಾದರೂ ನಿಲ್ಲಿಸಿ" ಎಂದಳು. ಗಾಡಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ. ಜೊತೆಗೆ ಇದಕ್ಕಿಂತ ಅಪಾಯದ ಪ್ರಶಸ್ತಿಯೂ ಇಲ್ಲ. ನಿಲ್ಲಿಸಿ ಕಾಫಿ ಕುಡಿದೆವು. ಅಂದ ಹಾಗೆ, ಅವಳು ಚೂಡಿದಾರ ಹಾಕಿ ಎರಡೂ ಕಡೆ ಕಾಲಿಳಿಬಿಟ್ಟು ಕೂತದ್ದರಿಂದ ಈ ತೀರ್ಪು ಬಂತು. ಸೀರೆಯುಟ್ಟು ಒಂದೇ ಪಕ್ಕಕ್ಕೆ ಕೂರುವವರಿಗೆ ಇಷ್ಟು ಅಗಲದ ಸೀಟಿನಲ್ಲಿ ಹಿಂದಕ್ಕೆ ಸರಿದರೆ ಕಾಲಿಗೆ ಆಧಾರವಿಲ್ಲ, ಮುಂದಕ್ಕೆ ಸರಿದರೆ ಬೀಳುವ ಭಯ. ಯುರೋಪಿನಲ್ಲಿ ರೂಪುಗೊಂಡ ಸುಖಕ್ಕೆ ಸೀರೆಯ ಕಲ್ಪನೆ ಇರಲಿಲ್ಲವೆಂದು ಕಾಣುತ್ತದೆ.

ಮುಂದಿನ ಗಾಜಿನ ಬಗ್ಗೆಯೂ ಹೇಳಬೇಕು. ಎತ್ತರದ ಆ ವಿಂಡ್‌ಶೀಲ್ಡಿನ ಹಿಂದೆ ಎದೆಗೆ ಗಾಳಿ ಗುದ್ದುವುದಿಲ್ಲ, ಅಂಗಿಯ ಕಾಲರು ಪಟಪಟ ಹೊಡೆದುಕೊಳ್ಳುವುದಿಲ್ಲ. ಎಂಬತ್ತರ ವೇಗದಲ್ಲೂ ಕಿರುಚದೆ ಮಾತನಾಡಬಹುದು. ಎಂಬತ್ತು ಎಂದದ್ದಕ್ಕೆ ಕಾರಣವಿದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಮಿತಿಯೇ ಅಷ್ಟು. ಆದ್ದರಿಂದ ಇದರ 139ರಲ್ಲಿ 59 ಕಿಲೋಮೀಟರು ನಮ್ಮ ಮಟ್ಟಿಗೆ ಅಲಂಕಾರಕ್ಕೆ ಇದೆ. ಮೈಸೂರಿನ ದಾರಿ ಹಿಡಿದಿದ್ದರೆ ಇಷ್ಟು ಕೂಡ ಸಿಗುತ್ತಿರಲಿಲ್ಲ: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಇಟಲಿಯಲ್ಲಿ ಸಣ್ಣ ಎಂಜಿನ್ನಿನ ಸ್ಕೂಟರುಗಳನ್ನು ಮಾತ್ರ ಹೆದ್ದಾರಿಯಿಂದ ಹೊರಗಿಟ್ಟಿದ್ದಾರೆ. ದೊಡ್ಡ ಸ್ಕೂಟರುಗಳು ಅಲ್ಲಿ ಬೆಳೆದದ್ದಕ್ಕೆ ಅದೂ ಒಂದು ಕಾರಣವಿರಬಹುದು. ನಮ್ಮ ನಿಯಮಕ್ಕೆ ಸಿಸಿಯ ಭೇದವಿಲ್ಲ. ದೂರ ಪ್ರಯಾಣಕ್ಕೆಂದೇ ಮಾಡಿದ ಈ ಗಾಡಿಯೂ ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡೂ ಸರ್ವಿಸ್ ರಸ್ತೆಯಲ್ಲಿ ಒಂದೇ ಸಾಲಿನಲ್ಲಿ ಹೋಗಬೇಕು.

ಹಾಸನದ ದಾರಿಯಲ್ಲಿ ಆ ತೊಂದರೆಯಿಲ್ಲ. ಟೋಲ್ ಗೇಟಿನಲ್ಲಿ ದ್ವಿಚಕ್ರ ವಾಹನಗಳಿಗೆ ಶುಲ್ಕವೂ ಇಲ್ಲ. ಬದಲಿಗೆ ಎಡಗಡೆಯ ಕೊನೆಯಲ್ಲಿ ಒಂದು ಕಿರಿದಾದ ಸಂದಿ ಇರುತ್ತದೆ. ಆ ಸಂದಿಯ ಅಗಲವನ್ನು ನಿರ್ಧರಿಸಿದವರು ಇಂಥ ಗಾಡಿಯನ್ನು ಕಂಡವರಲ್ಲ. ಎರಡೂ ಕನ್ನಡಿಗಳು ಕಂಬಕ್ಕೆ ತಾಗದಂತೆ, ನಡುವಿನ ಗುಂಡಿಗೆ ಮುಂದಿನ ಚಕ್ರ ಇಳಿಯದಂತೆ ನುಸುಳಿಸುವಾಗ, ಹಿಂದೆ ನಿಂತ ಸ್ಪ್ಲೆಂಡರಿನವರು ಹಾರ್ನ್ ಮಾಡದೆ ಕಾದರು. ಅದು ಗೌರವವೋ ಕುತೂಹಲವೋ ತಿಳಿಯಲಿಲ್ಲ.

ಕುತೂಹಲವಂತೂ ಎಲ್ಲ ಕಡೆಯೂ ಇತ್ತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲೇ ಪಕ್ಕದ ಆಟೋದವರು ತಲೆ ಹೊರಗೆ ಹಾಕಿ, "ಸಾರ್, ಎಷ್ಟು ಕೊಡುತ್ತೆ?" ಎಂದು ಕೇಳಿದ್ದರು. ನೂರು ಕಿಲೋಮೀಟರಿಗೆ 3.5 ಲೀಟರ್ ಎಂಬುದು ಕಂಪನಿಯ ಲೆಕ್ಕ. ನಮ್ಮ ಭಾಷೆಗೆ ತಿರುಗಿಸಿದರೆ ಲೀಟರಿಗೆ ಇಪ್ಪತ್ತೆಂಟು ಚಿಲ್ಲರೆ. ಹೇಳಿದೆ. "ಗಾಡಿ ಎಷ್ಟಾಯ್ತು?" ಅದನ್ನೂ ಹೇಳಿದೆ. ಹಸಿರು ದೀಪ ಬರುವಷ್ಟರಲ್ಲಿ ಅವರು ಗುಣಾಕಾರ ಭಾಗಾಕಾರ ಎರಡನ್ನೂ ಮುಗಿಸಿ, "ನಮ್ಮ ಆಟೋನೇ ವಾಸಿ ಬಿಡಿ ಸಾರ್, ಮಳೆ ಬಂದ್ರೂ ನೆನೆಯಲ್ಲ" ಎಂದು ಹೊರಟುಹೋದರು. ಸುಖದ ಬಗ್ಗೆ ಅಷ್ಟು ಚುಟುಕಾದ ವಿಮರ್ಶೆಯನ್ನು ಯಾವ ವಾಹನ ಪತ್ರಿಕೆಯೂ ಬರೆದಿರಲಾರದು.

ರಸ್ತೆ ನುಣುಪಾಗಿರುವವರೆಗೆ ಎಲ್ಲ ಸರಿ. ಚನ್ನರಾಯಪಟ್ಟಣ, ಹಾಸನ ದಾಟಿ ಬೇಲೂರಿನ ಕಡೆಗೆ ತಿರುಗಿದ ಮೇಲೆ ಊರಿಗೊಂದರಂತೆ ಎದುರಾಗುವ ಹಂಪುಗಳು ಮ್ಯಾಕ್ಸಿ ಸ್ಕೂಟರುಗಳ ಗುಟ್ಟನ್ನು ರಟ್ಟು ಮಾಡುತ್ತವೆ. ಮುಂದಿನ ಚಕ್ರ 15 ಇಂಚು, ಹಿಂದಿನದು 14. ಸಾಮಾನ್ಯ ಸ್ಕೂಟರಿನ ಚಕ್ರಗಳಿಗಿಂತ ದೊಡ್ಡವಾದರೂ ಬೈಕಿನ ಚಕ್ರಗಳಿಗಿಂತ ಚಿಕ್ಕವು. ಅದಕ್ಕಿಂತ ಮುಖ್ಯವಾಗಿ, ಸ್ಕೂಟರುಗಳ ಹಳೆಯ ಪದ್ಧತಿಯಂತೆ ಇದರಲ್ಲೂ ಎಂಜಿನ್ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಭದ್ರವಾಗಿ ಕೂತಿಲ್ಲ. ಹಿಂದಿನ ಚಕ್ರದೊಂದಿಗೆ ಒಂದೇ ತುಂಡಾಗಿ ಮೇಲೆ ಕೆಳಗೆ ಆಡುತ್ತದೆ. ಹಂಪು ಹತ್ತಿ ಇಳಿಯುವಾಗ ಚಕ್ರವೊಂದೇ ಏರಿಳಿದರೆ ಸ್ಪ್ರಿಂಗು ನಿಭಾಯಿಸೀತು, ಜೊತೆಗೆ ಎಂಜಿನ್ನೂ ಏರಿಳಿದಾಗ ಪೆಟ್ಟಿನ ಸ್ವಲ್ಪ ಪಾಲು ಬೆನ್ನಿಗೆ ಬರಲೇಬೇಕು. ಕಾಲು ಚಾಚಿ ಕೂತಿದ್ದರೆ ಮೈಯ ಭಾರವೆಲ್ಲ ಸೀಟಿನ ಮೇಲೇ ಇರುತ್ತದೆ. ಬೈಕಿನಲ್ಲಿ ಮಾಡುವಂತೆ ಪಾದ ಊರಿ ತುಸು ಎದ್ದು ಪೆಟ್ಟು ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಆದ್ದರಿಂದ ಹಂಪು ದೂರದಲ್ಲಿ ಕಂಡ ಕೂಡಲೇ ಕಾಲು ಮಡಚಿ, ವೇಗ ತಗ್ಗಿಸಿ, ವಿನಯದಿಂದ ದಾಟಬೇಕು.

ಸಾಮಾನಿನ ವಿಷಯದಲ್ಲಿ ನನಗೆ ತಕರಾರಿದೆ. ತಕರಾರು ಈ ಒಂದು ಗಾಡಿಯ ಮೇಲಲ್ಲ, ಆ ಜಾತಿಯ ಮೇಲೆಯೇ. 1946ರಲ್ಲಿ ಇಟಲಿಯ ಪಿಯಾಜಿಯೊ ಕಂಪನಿಗೆ ವೆಸ್ಪಾ ರೂಪಿಸಿಕೊಟ್ಟ ಕೊರಾಡಿನೊ ದಸ್ಕಾನಿಯೊ ವಿಮಾನದ ಎಂಜಿನಿಯರು. ಮೋಟಾರ್ ಸೈಕಲ್ಲುಗಳೆಂದರೆ ಅವರಿಗೆ ಆಗುತ್ತಿರಲಿಲ್ಲ. ಆದ್ದರಿಂದಲೇ ಎಂಜಿನ್ನನ್ನು ಹಿಂದಕ್ಕೆ ಸರಿಸಿ, ಮುಂದೆ ಕಾಲೆತ್ತಿ ದಾಟಿಸುವ ಕಷ್ಟವಿಲ್ಲದ ಬಯಲನ್ನು ಬಿಟ್ಟರು. ಆ ಬಯಲಿನಲ್ಲಿ ನಮ್ಮ ದೇಶ ಎಷ್ಟೆಲ್ಲವನ್ನು ಸಾಗಿಸಿದೆ! ಅಕ್ಕಿಯ ಮೂಟೆ, ಬಾಳೆಗೊನೆ, 14.2 ಕಿಲೋ ಅನಿಲದ ಸಿಲಿಂಡರು, ಹ್ಯಾಂಡಲ್ ಹಿಡಿದು ನಿಂತ ಮಗು, ಗಣೇಶನ ಹಬ್ಬದ ಹಿಂದಿನ ದಿನ ಪೇಪರು ಹಾಸಿ ಕೂರಿಸಿದ ಗಣೇಶ. ಮ್ಯಾಕ್ಸಿ ಸ್ಕೂಟರಿನಲ್ಲಿ ಆ ಬಯಲಿನ ನಡುವೆ ಮೊಣಕಾಲೆತ್ತರದ ದಿಬ್ಬವೊಂದು ಎದ್ದಿದೆ. ಟ್ಯಾಂಕು, ಚಾಸಿ ಎಲ್ಲವೂ ಅದರೊಳಗೆ. ಹೆದ್ದಾರಿಯ ವೇಗದಲ್ಲಿ ಗಾಡಿ ನಡುಗದೆ ನಿಲ್ಲಬೇಕಾದರೆ ಆ ದಿಬ್ಬ ಇರಲೇಬೇಕು ಎಂಬುದು ನಿಜ. ಆದರೆ ಹತ್ತು ಲಕ್ಷದ ಸ್ಕೂಟರಿನಲ್ಲಿ ಒಂದು ಕಲ್ಲಂಗಡಿ ಇಡಲು ನೆಲವಿಲ್ಲ.

ಸೀಟಿನ ಕೆಳಗೆ ಜಾಗವಿದೆ, ಅದಕ್ಕೊಂದು ಜಾಣ ವ್ಯವಸ್ಥೆಯೂ ಇದೆ. ಗಾಡಿ ನಿಲ್ಲಿಸಿದಾಗ ಪೆಟ್ಟಿಗೆಯ ತಳವನ್ನು ಚಕ್ರದ ಕಡೆಗೆ ಚೀಲದಂತೆ ಕೆಳಗಿಳಿಸಿದರೆ ಹೆಲ್ಮೆಟ್ ಹಿಡಿಸುತ್ತದೆ. ಹೊರಡುವ ಮೊದಲು ಹೆಲ್ಮೆಟ್ ತೆಗೆದು ತಳವನ್ನು ಮಡಚಲೇಬೇಕು, ಇಲ್ಲವಾದರೆ ಗಾಡಿ ಹೊರಡಲು ಒಪ್ಪುವುದಿಲ್ಲ. ಅಂದರೆ ನಿಂತಾಗ ದೊಡ್ಡ ಡಿಕ್ಕಿ, ಓಡುವಾಗ ಚಿಕ್ಕ ಡಿಕ್ಕಿ. ಬೇಲೂರಿನಲ್ಲಿ ಹೆಂಡತಿ ಕೊಂಡ ಎರಡು ಚೀಲ ತರಕಾರಿಗೆ ಈ ತತ್ತ್ವವನ್ನು ವಿವರಿಸುವುದು ಕಷ್ಟವಾಯಿತು. ಕೊನೆಗೆ ಒಂದು ಚೀಲ ನಮ್ಮಿಬ್ಬರ ನಡುವೆ ಕೂತು ಚಿಕ್ಕಮಗಳೂರಿಗೆ ಬಂತು.

ಹಿಡಿಕೆಗಳಿಗೂ ಸೀಟಿಗೂ ಬಿಸಿ ಕೊಡುವ ಸೌಲಭ್ಯವನ್ನು ಕಂಡು ಬೆಂಗಳೂರಿನಲ್ಲಿ ನಕ್ಕಿದ್ದೆ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಬೆಳಗಿನ ಮಂಜು ಕೈಗವಸಿನೊಳಕ್ಕೆ ನುಗ್ಗಿದಾಗ ಗುಂಡಿ ಒತ್ತಿದೆ. ಅಂಗೈ ಬೆಚ್ಚಗಾಯಿತು, ನಗು ನಿಂತಿತು. ಏರುವಾಗ ತಿರುವು ತಿರುವಿಗೂ ಗೇರು ಇಳಿಸುವ ಗೋಜಿಲ್ಲದೆ, ಕಾಫಿ ತೋಟಗಳನ್ನು ನೋಡುತ್ತಾ ನಿರಾಳವಾಗಿ ಹೋದೆವು. ಇಳಿಯುವುದು ಬೇರೆಯೇ ಕಥೆ. ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಯುವ ನಮ್ಮ ಹಳೆಯ ಅಭ್ಯಾಸಕ್ಕೆ ಇಲ್ಲಿ ಅವಕಾಶವಿಲ್ಲ. ಬೆಲ್ಟಿನ ಗಾಡಿ ಇಳಿಜಾರಿನಲ್ಲಿ ಅಷ್ಟಾಗಿ ತಡೆ ಒಡ್ಡುವುದಿಲ್ಲ, ವೇಗ ತೀರಾ ತಗ್ಗಿದಾಗ ಕ್ಲಚ್ ಬಿಟ್ಟುಕೊಂಡು ಗಾಡಿ ತನ್ನ ಪಾಡಿಗೆ ಜಾರತೊಡಗುತ್ತದೆ. 214 ಕಿಲೋ ಗಾಡಿ, ಇಬ್ಬರು ಸವಾರರು, ಒಂದು ಕಡೆ ಕಣಿವೆ, ಎದುರಿಗೆ ಅಗಲವೆಲ್ಲ ತನ್ನದೇ ಎಂದು ಬರುವ ಜೀಪು. ಮುಂದೆ ಎರಡು, ಹಿಂದೆ ಒಂದು ಡಿಸ್ಕ್ ಬ್ರೇಕುಗಳಿವೆ, ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇದೆ, ಅವು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದವು. ಆದರೂ ಕೈಮರದ ಚೆಕ್‌ಪೋಸ್ಟ್ ಬರುವವರೆಗೆ ನಾನು ಕಾಲು ಚಾಚಲಿಲ್ಲ.