ಸದ್ಗುಣ ಉತ್ಪಾದನಾ ಘಟಕ: ಸ್ಥಾಪನೆ ಮತ್ತು ನಿರ್ವಹಣೆ

ಜನ ಸಾಕಷ್ಟು ಒಳ್ಳೆಯವರಾಗಿಲ್ಲ ಎಂಬುದು ಆಡಳಿತ ಮಂಡಳಿಯ ಗಮನಕ್ಕೆ ಬಂದ ಕೂಡಲೇ ಒಂದು ಸಮಿತಿ ಹುಟ್ಟುತ್ತದೆ. ಮೊದಲ ಸಭೆಯಲ್ಲೇ ಕಚ್ಚಾವಸ್ತುವಿನ ಪ್ರಶ್ನೆ ಏಳುತ್ತದೆ. ಒಳ್ಳೆಯತನಕ್ಕೆ ಭಯ ಬಳಸಬಹುದು, ಬಹುಮಾನ ಬಳಸಬಹುದು, ಪ್ರೀತಿಯನ್ನೂ ಬಳಸಬಹುದು ಎಂದು ಹಳಬರು ಹೇಳಿಟ್ಟಿದ್ದಾರೆ. 12ನೇ ಶತಮಾನದ ಕ್ರೈಸ್ತ ಸನ್ಯಾಸಿ ಕ್ಲೇರ್ವೋದ ಬರ್ನಾರ್ಡ್ ದೇವರ ಹತ್ತಿರ ಬರುವವರನ್ನು ಹೀಗೆಯೇ ವಿಂಗಡಿಸಿದ್ದ: ಹೆದರಿ ಬರುವವನು ಗುಲಾಮ, ಆಸೆಗೆ ಬರುವವನು ಕೂಲಿಯಾಳು, ಪ್ರೀತಿಯಿಂದ ಬರುವವನು ಮಗ. ಸಮಿತಿಗೆ ಈ ಪಟ್ಟಿ ಬಹಳ ಹಿಡಿಸುತ್ತದೆ. ಗುಲಾಮನಿಗೂ ಕೂಲಿಯಾಳಿಗೂ ಹಾಜರಿ ಪುಸ್ತಕ ಇಡಬಹುದಲ್ಲ! ಮಗನಿಗೆ ಎಲ್ಲಿಂದ ಇಡುವುದು?

ಅದೂ ಅಲ್ಲದೆ ಪ್ರೀತಿಗೆ ಟೆಂಡರು ಕರೆಯಲು ಬರುವುದಿಲ್ಲ. ಎಷ್ಟು ಬೇಕು, ಯಾವ ದರ್ಜೆಯದು, ಎಷ್ಟು ವರ್ಷದ ಗ್ಯಾರಂಟಿ ಎಂದು ನಮೂದಿಸುವ ಹಾಗಿಲ್ಲ. ಲೆಕ್ಕಪರಿಶೋಧಕರು ಬಂದು ಕೂತರೆ ತೋರಿಸಲು ಒಂದು ರಸೀದಿಯೂ ಇರುವುದಿಲ್ಲ. ಹೀಗಾಗಿ ಪ್ರೀತಿಯನ್ನು ‘ಎರಡನೇ ಹಂತದಲ್ಲಿ ಪರಿಶೀಲಿಸಲಾಗುವುದು’ ಎಂದು ಬರೆದು, ಭಯ ಮತ್ತು ಬಹುಮಾನದಿಂದ ಕೆಲಸ ಆರಂಭಿಸುವುದು ವಾಡಿಕೆ. ಅಂಥ ಸಮಿತಿಗಳ ಉಪಯೋಗಕ್ಕಾಗಿ ಕೆಲವು ತಾಂತ್ರಿಕ ವಿವರಗಳು ಇಲ್ಲಿವೆ.

ಭಯ ಅಗ್ಗದ ಮಾಲು. ಒಂದು ಫಲಕ, ಅದರ ಮೇಲೊಂದು ಮೊತ್ತ, ವಸೂಲಿಗೆ ಒಬ್ಬ ಗುಮಾಸ್ತ, ಘಟಕ ಸಿದ್ಧ. ಅಳವಡಿಸುವ ಕ್ರಮವನ್ನು ಇಸ್ರೇಲಿನ ಹೈಫಾ ನಗರದ ಶಿಶುಪಾಲನಾ ಕೇಂದ್ರಗಳಿಂದ ಕಲಿಯಬೇಕು. ಮಕ್ಕಳನ್ನು ಕರೆದೊಯ್ಯಲು ಕೆಲವು ಪೋಷಕರು ತಡವಾಗಿ ಬರುತ್ತಿದ್ದರು, ಅವರು ಬರುವ ತನಕ ಯಾರಾದರೊಬ್ಬ ಶಿಕ್ಷಕಿ ಕಾದಿರಬೇಕಿತ್ತು. ಊರಿ ಗ್ನೀಜಿ, ಆಲ್ಡೊ ರಸ್ಟಿಕಿನಿ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 10 ಕೇಂದ್ರಗಳನ್ನು 20 ವಾರ ಗಮನಿಸಿದರು. ಮೊದಲ 4 ವಾರ ಬರೀ ಎಣಿಕೆ. 5ನೇ ವಾರದಿಂದ 6 ಕೇಂದ್ರಗಳಲ್ಲಿ ದಂಡ ಜಾರಿ: 10 ನಿಮಿಷಕ್ಕಿಂತ ಹೆಚ್ಚು ತಡವಾದರೆ ಮಗುವೊಂದಕ್ಕೆ 10 ಶೆಕೆಲ್. ತಿಂಗಳ ಶುಲ್ಕವೇ 1,400 ಶೆಕೆಲ್ ಇದ್ದಾಗ ಇದು ಬಿಲ್ಲಿನ ತುದಿಯಲ್ಲೊಂದು ಸಾಲು, ಅಷ್ಟೆ. ಫಲಿತಾಂಶ 2000ದಲ್ಲಿ ಅಚ್ಚಾಯಿತು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚುಕಮ್ಮಿ ಇಮ್ಮಡಿಯಾಗಿದ್ದರು.

ಎಲ್ಲಿ ಕೆಟ್ಟಿತು ಎಂದು ಯಂತ್ರ ಬಿಚ್ಚಿ ನೋಡಿದರೆ ಕಾರಣ ಸರಳ. ದಂಡ ಇಲ್ಲದಿದ್ದಾಗ ಕಾಯುವ ಶಿಕ್ಷಕಿಯದು ಉಪಕಾರ, ಉಪಕಾರದ ಋಣ ಹೊತ್ತವರಿಗೆ ಒಂದಿಷ್ಟು ಸಂಕೋಚ. ದಂಡ ಬಂದದ್ದೇ ಉಪಕಾರ ಹೋಗಿ ಸೇವೆಯಾಯಿತು, ಸೇವೆಗೆ ದರ ನಿಗದಿಯಾಯಿತು, ದರ ಕೊಟ್ಟವರು ಗಿರಾಕಿಗಳಾದರು. ಗಿರಾಕಿ ಯಾಕೆ ತಲೆ ತಗ್ಗಿಸಬೇಕು? ಇನ್ನೂ ಸೊಗಸಾದ ಭಾಗ ಮುಂದಿದೆ. 17ನೇ ವಾರದಲ್ಲಿ ದಂಡವನ್ನು ಹಿಂತೆಗೆದುಕೊಂಡರು. ಪೋಷಕರು ಹಳೆಯ ಹೊತ್ತಿಗೆ ಮರಳಲಿಲ್ಲ. ಈಗ ಸಂಕೋಚವೂ ಇಲ್ಲ, ದಂಡವೂ ಇಲ್ಲ, ತಡವಾಗಿ ಬರುವುದು ಪುಕ್ಕಟೆ.

ಇದನ್ನು ಓದಿದ ಯಾವ ಸಮಿತಿಯಾದರೂ ತಪ್ಪದೆ ಬರುವ ತೀರ್ಮಾನ ಒಂದೇ: ದಂಡ ಸಾಲಲಿಲ್ಲ, ಹೆಚ್ಚಿಸಿ.

ಹೆಚ್ಚಿಸಿ ನೋಡಿದವರೂ ಇದ್ದಾರೆ. ಇಂಗ್ಲೆಂಡಿನ 1713ರ ಕಾಯ್ದೆಯಂತೆ ಮನೆಯೊಳಗಿಂದ 40 ಷಿಲ್ಲಿಂಗ್ ಬೆಲೆಯ ಮಾಲು ಕದ್ದರೆ ಗಲ್ಲು. ಇದಕ್ಕಿಂತ ದೊಡ್ಡ ಭಯ ಇನ್ನೇನು ಬೇಕು? ಆದರೆ ದೇವರ ಮೇಲೆ ಪ್ರಮಾಣ ಮಾಡಿ ಕೂತ ಜ್ಯೂರಿ ಸದಸ್ಯರು ಕಟಕಟೆಯಲ್ಲಿ ನಿಂತವರ ಮುಖ ನೋಡಿ, ಕದ್ದ ಮಾಲಿಗೆ ಸರಿಯಾಗಿ 39 ಷಿಲ್ಲಿಂಗ್ ಬೆಲೆ ಕಟ್ಟತೊಡಗಿದರು. ಕಳ್ಳರನ್ನು ಸಾಚಾ ಮಾಡಲು ಹೊರಟ ಭಯ ಸಾಚಾ ಜನರ ಬಾಯಲ್ಲಿ ಸುಳ್ಳು ಹೇಳಿಸಿತು. ಆ ಸುಳ್ಳಿನ ಹಿಂದೆ ಇದ್ದದ್ದು ಕರುಣೆ ಎಂಬುದನ್ನು ಯಾವ ಕಲಮಿನಡಿ ದಾಖಲಿಸಬೇಕೋ ತಿಳಿಯದು. ಶಿಕ್ಷೆ ಎಷ್ಟು ಕಠೋರ ಎಂಬುದಕ್ಕಿಂತ ತಪ್ಪು ಮಾಡಿದವರಿಗೆ ಅದು ತಪ್ಪದೆ ಸಿಗುವುದು ಮುಖ್ಯ ಎಂದು ಇಟಲಿಯ ಚಿಂತಕ ಚೆಸಾರೆ ಬೆಕ್ಕಾರಿಯಾ 1764ರಲ್ಲೇ ಬರೆದ. ಮಾತು ಸರಿ, ಆದರೆ ಆಡಳಿತಕ್ಕೆ ಒಗ್ಗುವುದಿಲ್ಲ. ತಪ್ಪದೆ ಶಿಕ್ಷಿಸಬೇಕಾದರೆ ದಿನಾ ಕೆಲಸ ಮಾಡಬೇಕು. ಕಠೋರ ಶಿಕ್ಷೆಗೆ ಒಂದು ಸುತ್ತೋಲೆ ಸಾಕು.

ದಂಡದ ತಂಟೆಯೇ ಬೇಡ ಎನ್ನುವವರಿಗೆ ಕಣ್ಣಿನ ಚಿತ್ರ ಇದೆ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ ಕಾಫಿ, ಟೀ ಕುಡಿದವರು ತಾವಾಗಿಯೇ ಡಬ್ಬಿಗೆ ದುಡ್ಡು ಹಾಕುವ ಏರ್ಪಾಡಿತ್ತು. ದರಪಟ್ಟಿಯ ಮೇಲ್ಭಾಗದಲ್ಲಿ ಒಂದು ವಾರ ಹೂವಿನ ಚಿತ್ರ, ಮರುವಾರ ದಿಟ್ಟಿಸುವ ಕಣ್ಣುಗಳ ಚಿತ್ರ, ಹೀಗೆ 10 ವಾರ ಅಂಟಿಸಿದರು. ಖರ್ಚಾದ ಹಾಲಿನ ಲೆಕ್ಕ ಹಿಡಿದು ನೋಡಿದಾಗ, ಕಣ್ಣಿದ್ದ ವಾರಗಳಲ್ಲಿ ಲೀಟರಿಗೆ ಬಿದ್ದ ದುಡ್ಡು ಹೂವಿನ ವಾರಗಳ 2.76 ಪಟ್ಟು. 2006ರಲ್ಲಿ ಈ ವರದಿ ಬಂದಾಗ ಅಧಿಕಾರಿ ವರ್ಗಕ್ಕಾದ ಸಂತೋಷ ಅಷ್ಟಿಷ್ಟಲ್ಲ ಎಂದು ಊಹಿಸಬಹುದು. ಒಂದು ಹಾಳೆ ಕಾಗದದಲ್ಲಿ ಅಂತಃಸಾಕ್ಷಿ! ಆಮೇಲೆ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದವರಿಗೆ ಚಿತ್ರದ ಕಣ್ಣುಗಳಿಂದ ಔದಾರ್ಯ ಹೆಚ್ಚಿದ ಕುರುಹೇ ಸಿಗಲಿಲ್ಲ. ಅಷ್ಟರಲ್ಲಿ ಪೋಸ್ಟರುಗಳನ್ನು ಅಚ್ಚು ಹಾಕಿಸಿ ಆಗಿತ್ತು.

ನಿಜವಾದ ಕ್ಯಾಮೆರಾ ಹಾಕಿಸಿದರೆ ಕೆಲಸ ಮಾಡುತ್ತದೆ, ಸಂಶಯವಿಲ್ಲ. ಕ್ಯಾಮೆರಾ ಎಲ್ಲಿ ನೋಡುತ್ತದೋ ಅಲ್ಲಿ. ಈ ತತ್ವವನ್ನು ಪೂರ್ತಿ ಅರಗಿಸಿಕೊಂಡದ್ದು ಮನುಷ್ಯನೂ ಅಲ್ಲ, 2015ರಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರು. ಚಕ್ರ ಓಡುತ್ತಿದೆ, ಸ್ಟೀರಿಂಗ್ ಮಾತ್ರ ಅಲುಗುತ್ತಿಲ್ಲ ಎಂಬಂಥ ಸೂಚನೆಗಳಿಂದ ‘ಇದು ರಸ್ತೆಯಲ್ಲ, ಪರೀಕ್ಷಾ ಕೊಠಡಿ’ ಎಂದು ಅದರ ತಂತ್ರಾಂಶ ಪತ್ತೆ ಹಚ್ಚುತ್ತಿತ್ತು. ಕೂಡಲೇ ಹೊಗೆ ನಿಯಂತ್ರಣ ಪೂರ್ತಿ ಚಾಲೂ. ರಸ್ತೆಗಿಳಿದ ಮೇಲೆ ಅಮೆರಿಕದ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್. ಇಂಥ ತಂತ್ರಾಂಶವಿದ್ದ ಕಾರುಗಳು ಲೋಕದಲ್ಲಿ ಸುಮಾರು 1.1 ಕೋಟಿ. ಭಯದಿಂದ ಬರುವ ಸದ್ಗುಣದ ಮಾದರಿ ಬೇಕಿದ್ದರೆ ಇದಕ್ಕಿಂತ ಸ್ಪಷ್ಟವಾದದ್ದು ಸಿಗಲಾರದು: ಪಾಪಪ್ರಜ್ಞೆ ಇಲ್ಲ, ಪರೀಕ್ಷಾಪ್ರಜ್ಞೆ ಪರಿಪೂರ್ಣ.

ಇನ್ನು ಬಹುಮಾನ. ಸಭ್ಯರ ಸಮಿತಿಗಳಿಗೆ ದಂಡಕ್ಕಿಂತ ಇದೇ ಇಷ್ಟ, ಏಕೆಂದರೆ ಕೊಡುವಾಗ ಫೋಟೋ ತೆಗೆಸಿಕೊಳ್ಳಬಹುದು. ಇದರ ಕಾರ್ಯವಿಧಾನವನ್ನು 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ತೋರಿಸಿಕೊಟ್ಟರು. ಬಣ್ಣದ ಮಾರ್ಕರ್ ಪೆನ್ನು ಕಂಡರೆ ತಾವಾಗಿಯೇ ಚಿತ್ರ ಬರೆಯಲು ಕೂರುವ ಮಕ್ಕಳನ್ನೇ ಆರಿಸಿಕೊಂಡರು. ವಯಸ್ಸು 3ರಿಂದ 5. ಒಂದು ಗುಂಪಿಗೆ ಮೊದಲೇ ಹೇಳಿದರು: ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ. ಪತ್ರದ ಮೇಲೆ ಚಿನ್ನದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್ನು, ಮಗುವಿನ ಹೆಸರು ತುಂಬಲು ಜಾಗ. ಎರಡನೇ ಗುಂಪಿಗೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಬಿಡುವಿನ ಹೊತ್ತಿನಲ್ಲಿ ಯಾರು ಎಷ್ಟು ಹೊತ್ತು ಪೆನ್ನು ಹಿಡಿಯುತ್ತಾರೆ ಎಂದು ಮರೆಯಿಂದ ಗಮನಿಸಿದರು. ಏನೂ ಸಿಗದವರು ಶೇ 16.7ರಷ್ಟು ಹೊತ್ತು, ಅನಿರೀಕ್ಷಿತವಾಗಿ ಪತ್ರ ಸಿಕ್ಕವರು ಶೇ 18.1, ಮೊದಲೇ ಗೊತ್ತಿದ್ದು ಪತ್ರ ಪಡೆದವರು ಶೇ 8.6. ಸಾಲದ್ದಕ್ಕೆ ಪತ್ರದ ಆಸೆಗೆ ಬರೆದ ಚಿತ್ರಗಳ ಗುಣಮಟ್ಟವೂ ಕೆಳಗಿತ್ತು. ಒಂದು ರಿಬ್ಬನ್ನಿನ ಖರ್ಚಿನಲ್ಲಿ ಅರ್ಧ ಆಸಕ್ತಿ ನಿರ್ಮೂಲನೆ ಮಾಡುವ ಇನ್ನೊಂದು ಯೋಜನೆ ಸಿಗುವುದು ಕಷ್ಟ.

ಚಿತ್ರ ಬರೆಯುವುದು ಸದ್ಗುಣವಲ್ಲ ಎನ್ನುವವರು ರಕ್ತದಾನ ನೋಡಲಿ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಾನಿಯಾಗಲು ಪುಕ್ಕಟೆಯಾಗಿ ಮುಂದೆ ಬಂದ ಹೆಂಗಸರು ಶೇ 52. ಅದಕ್ಕೆ 50 ಕ್ರೋನಾ ಕೊಡುತ್ತೇವೆ ಎಂದಾಗ ಶೇ 30. ಆ ಹಣವನ್ನು ಬೇಕಿದ್ದರೆ ಧರ್ಮಾರ್ಥ ಸಂಸ್ಥೆಗೆ ಕೊಡಬಹುದು ಎಂಬ ಆಯ್ಕೆ ಇಟ್ಟಾಗ ಮತ್ತೆ ಶೇ 53. ಗಂಡಸರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಕಾರಣವನ್ನು ಓದುಗರೇ ಚರ್ಚಿಸಿಕೊಳ್ಳಲಿ. ದುಡ್ಡು ಮುಂದಿಟ್ಟ ಕ್ಷಣ, ಕೊಡಲು ಬಂದವರು ಮಾರಲು ಬಂದವರ ಹಾಗೆ ಕಾಣುತ್ತಾರೆ, ಬೇರೆಯವರ ಕಣ್ಣಿಗೂ ತಮ್ಮ ಕಣ್ಣಿಗೂ. 50 ಕ್ರೋನಾಕ್ಕೆ ಅಷ್ಟು ಅವಮಾನ ಯಾರು ಸಹಿಸುತ್ತಾರೆ?

ಬಹುಮಾನ ದೊಡ್ಡದಾದರೆ ಬೇರೆ ಥರದ ಫಲ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಗ್ರಾಹಕರೊಬ್ಬರಿಗೆ 8 ಉತ್ಪನ್ನ ಮಾರುವ ಗುರಿ ಇಟ್ಟು, ಮಾರಿದವರಿಗೆ ಪ್ರೋತ್ಸಾಹಧನವನ್ನೂ ಮಾರದವರಿಗೆ ಒತ್ತಡವನ್ನೂ ಕೊಟ್ಟಿತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತೇ ಇಲ್ಲದಂತೆ ಅವರ ಹೆಸರಲ್ಲಿ ಲಕ್ಷಗಟ್ಟಲೆ ಖಾತೆ ತೆರೆದು ಗುರಿ ಮುಟ್ಟಿಸಿದರು. 2016ರಲ್ಲಿ ಬಯಲಾಗುವ ಹೊತ್ತಿಗೆ ಕೆಲಸ ಕಳೆದುಕೊಂಡವರು ಸುಮಾರು 5,300 ಮಂದಿ. ಭಯ, ಬಹುಮಾನ ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿದ ಅಪರೂಪದ ಘಟಕ ಅದು.

ಈಗ ಎರಡನೇ ಹಂತದ ಪ್ರೀತಿಗೆ ಬರೋಣ. 8ನೇ ಶತಮಾನದ ಸೂಫಿ ಸಂತೆ, ಬಸ್ರಾದ ರಾಬಿಯಾ ಒಂದು ಕೈಯಲ್ಲಿ ದೀವಟಿಗೆ, ಇನ್ನೊಂದರಲ್ಲಿ ನೀರು ಹಿಡಿದು ಬೀದಿಯಲ್ಲಿ ಓಡುತ್ತಿದ್ದಳೆಂಬ ಕಥೆ ಇದೆ. ಸ್ವರ್ಗಕ್ಕೆ ಬೆಂಕಿ ಹಚ್ಚಿ ನರಕದ ಬೆಂಕಿ ಆರಿಸುತ್ತೇನೆ, ಆಮೇಲೆ ಆಸೆ ಭಯ ಎರಡೂ ಇಲ್ಲದೆ ದೇವರನ್ನು ಪ್ರೀತಿಸುವವರು ಎಷ್ಟು ಮಂದಿ ಉಳಿಯುತ್ತಾರೆ ನೋಡೋಣ ಎಂಬುದು ಅವಳ ಲೆಕ್ಕಾಚಾರ. ಇಂದು ಹಾಗೆ ಓಡಿದರೆ ಅಗ್ನಿಶಾಮಕ ದಳದ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ.

ಸಮಿತಿಗಳು ಕಂಡುಕೊಂಡ ದಾರಿ ಹೆಚ್ಚು ಸುರಕ್ಷಿತ: ಪ್ರೀತಿಯನ್ನು ಕಡ್ಡಾಯ ಮಾಡುವುದು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1999ರಿಂದ ಪ್ರೌಢಶಾಲೆ ಮುಗಿಸಬೇಕಾದರೆ 40 ಗಂಟೆ ಸಮಾಜಸೇವೆ ತೋರಿಸಬೇಕು. ಉದ್ದೇಶದಲ್ಲಿ ದೋಷವಿಲ್ಲ, ಎಷ್ಟೋ ಮಕ್ಕಳಿಗೆ ಅಲ್ಲಿಂದಲೇ ರುಚಿ ಹತ್ತಬಹುದು. ಆದರೆ ಬಲವಂತಕ್ಕೆ ಮಾಡುತ್ತಿದ್ದೇವೆ ಎಂದು ಅನ್ನಿಸಿದವರಿಗೆ ಮುಂದೆ ತಾವಾಗಿ ಸೇವೆ ಮಾಡುವ ಮನಸ್ಸು ತಗ್ಗುತ್ತದೆಂದು ಅದೇ 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಇಂಥ ಯೋಜನೆ ಎಲ್ಲೇ ಇರಲಿ, ಯಂತ್ರ ಕೆಡುವುದು ಗಂಟೆಯ ಚೀಟಿಯಲ್ಲಿ. ಸೇವೆ ಪಡೆದವರ ಸಹಿ ಬೇಕು, ಮೇಲ್ವಿಚಾರಕರ ಮೊಹರು ಬೇಕು. 39 ಗಂಟೆ 30 ನಿಮಿಷ ಕರುಣೆ ತೋರಿದವರು ಅನುತ್ತೀರ್ಣ.

ಪ್ರೀತಿಯ ಪಕ್ಷ ವಹಿಸುವವರು ಇಲ್ಲಿ ಒಂದು ತಾಂತ್ರಿಕ ದೋಷವನ್ನು ಬಚ್ಚಿಡುತ್ತಾರೆ. ಅಣ್ಣನ ಮಗನಿಗೆ ಗುತ್ತಿಗೆ ಕೊಡಿಸುವ ಅಧಿಕಾರಿಯನ್ನು ತೆಗೆದುಕೊಳ್ಳಿ. ಭಯವಿದ್ದಿದ್ದರೆ ಕೊಡಿಸುತ್ತಲೇ ಇರಲಿಲ್ಲ. ಬಹುಮಾನದ ಆಸೆಯಿದ್ದಿದ್ದರೆ ಹೆಚ್ಚು ಕೊಡುವ ಹೊರಗಿನವನನ್ನು ಹಿಡಿಯುತ್ತಿದ್ದ. ಅವನು ಮಾಡಿದ್ದು ಶುದ್ಧ ಪ್ರೀತಿಯಿಂದ. ಪ್ರೀತಿಗೆ ಹತ್ತಿರದವರ ಮುಖ ಚೆನ್ನಾಗಿ ಕಾಣುತ್ತದೆ, ಸರದಿಯಲ್ಲಿ ಹಿಂದೆ ನಿಂತವರದು ಕಾಣುವುದಿಲ್ಲ. ಇದಕ್ಕೇ ಇರಬೇಕು, ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಮೂರಕ್ಕೂ ಪೂರ್ತಿ ಅಂಕ ಕೊಡದೆ ಕರ್ತವ್ಯ ಎಂಬ ನಾಲ್ಕನೆಯದನ್ನು ಮುಂದಿಟ್ಟ. ಎಳೆಯ ಗಿರಾಕಿಗೂ ಮೋಸ ಮಾಡದ ಅಂಗಡಿಯವನು ವ್ಯಾಪಾರ ಕೆಡುತ್ತದೆಂದು ಹಾಗಿದ್ದರೆ ಅದಕ್ಕೆ ನೈತಿಕ ಬೆಲೆ ಇಲ್ಲ ಎಂದ. ಬರೀ ಸಹಜ ಮರುಕದಿಂದ ಉಪಕಾರ ಮಾಡುವವರಿಗೂ ಅದೇ ತೀರ್ಪು. ಕಾಂಟ್ ಸಮಿತಿಯ ಅಧ್ಯಕ್ಷನಾಗಿದ್ದರೆ ಆ ವರ್ಷ ಯಾರಿಗೂ ಪ್ರಶಸ್ತಿ ಇರುತ್ತಿರಲಿಲ್ಲ.

ಹಾಗಾಗಿ ತಜ್ಞರ ಶಿಫಾರಸು ತೀರ ಸಪ್ಪೆ. ಇತರರಿಗೆ ಹಾನಿಯಾಗುವ ಕಡೆ ದಂಡ ಇರಲಿ, ಸಣ್ಣದಿರಲಿ, ತಪ್ಪದೆ ಬೀಳಲಿ. ಉಪಕಾರ ತಾನಾಗಿ ನಡೆಯುತ್ತಿರುವ ಕಡೆ ದರಪಟ್ಟಿ ತೂಗುಹಾಕಬೇಡಿ. ಗುತ್ತಿಗೆಯ ಕಡತದಿಂದ ಅಣ್ಣನ ಮಕ್ಕಳನ್ನು ದೂರವಿಡಿ. ಬಹುಮಾನ ಕೊಡಲೇಬೇಕೆಂಬ ಹಟವಿದ್ದರೆ ಮೊದಲೇ ಸಾರಬೇಡಿ, ಕೆಲಸ ಮುಗಿದ ಮೇಲೆ ಹೇಳದೆ ಕೇಳದೆ ಕೊಡಿ. ಶಿಶುವಿಹಾರದಲ್ಲಿ ಹಾನಿ ಮಾಡದಿದ್ದ ಬಹುಮಾನ ಅದೊಂದೇ.

ಇಂಥ ಶಿಫಾರಸಿಗೆ ಸಮಿತಿಯಿಂದ ಹೊರಡುವ ಸುತ್ತೋಲೆಯ ಕರಡನ್ನು ಈಗಲೇ ಬರೆದಿಡಬಹುದು: ‘ಅನಿರೀಕ್ಷಿತ ಸದ್ಗುಣ ಪುರಸ್ಕಾರವನ್ನು ಪ್ರತಿ ತಿಂಗಳ ಮೊದಲ ಸೋಮವಾರ ಬೆಳಗ್ಗೆ 11ಕ್ಕೆ ಪ್ರದಾನ ಮಾಡಲಾಗುವುದು. ಅನಿರೀಕ್ಷಿತವಾಗಿ ಪುರಸ್ಕೃತರಾಗಲು ಬಯಸುವವರು 15 ದಿನ ಮುಂಚಿತವಾಗಿ, ನಿಗದಿತ ನಮೂನೆಯಲ್ಲಿ, ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ತಡವಾಗಿ ಬಂದ ಅರ್ಜಿಗಳಿಗೆ ದಂಡ ವಿಧಿಸಲಾಗುವುದು.’