ಪಾಸ್‌ಪೋರ್ಟ್ ಹರಿದರೆ ಊರಿಗೆ ಬರಲಾಗದು ಎಂಬ ಮಾತು ನಿಜವಲ್ಲ

"ಗಲ್ಫ್‌ನಲ್ಲಿ ಪಾಸ್‌ಪೋರ್ಟ್ ಹರಿದರೆ, ಒದ್ದೆಯಾದರೆ ಮುಗೀತು. ಏಜೆಂಟರಿಗೆ ದುಡ್ಡು ಕೊಡದೆ ವಾಪಸ್ ಬರಲು ಆಗಲ್ಲ." ಭಟ್ಕಳ, ಹೊನ್ನಾವರ, ಕುಮಟಾದ ವಾಟ್ಸಾಪ್ ಗುಂಪುಗಳಲ್ಲಿ ಈ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಮಗ ಅಲ್ಲಿ ದುಡಿಯುತ್ತಿರುವ ತಾಯಿ ಇದನ್ನು ಓದಿದರೆ ನಿದ್ದೆ ಬರುತ್ತದಾ ಹೇಳಿ.

ಹಾಳಾದ ಪಾಸ್‌ಪೋರ್ಟ್ ಬದಲಿಗೆ ಹೊಸದನ್ನು ಕೊಡುವುದು ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ನ ಕೆಲಸ. ನಂಬರ್ ಮತ್ತು ಹೆಸರು ಓದಲು ಬಂದು, ಫೋಟೋ ಸರಿಯಿದ್ದರೆ ಅದನ್ನು ಭಾಗಶಃ ಹಾನಿ ಎಂದೇ ಲೆಕ್ಕ ಹಾಕುತ್ತಾರೆ. ತುರ್ತಾಗಿ ಊರಿಗೆ ಬರಬೇಕಾದವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಇದೆ. ಆದರೆ ಇಲ್ಲೊಂದು ವಿಷಯ ಚೆನ್ನಾಗಿ ನೆನಪಿರಲಿ: ಅದು ಭಾರತಕ್ಕೆ ಒಂದೇ ಸಲ ಬರಲು ಮಾತ್ರ. ಅದನ್ನು ಹಿಡಿದು ಮತ್ತೆ ಕೆಲಸಕ್ಕೆ ಹೋಗಲು ಆಗುವುದಿಲ್ಲ. ಹಾಗಾಗಿ ಕೆಲಸ ಉಳಿಸಿಕೊಳ್ಳಬೇಕಾದವರು ಅಲ್ಲೇ ಹೊಸ ಪಾಸ್‌ಪೋರ್ಟ್ ಮಾಡಿಸುವುದು ಒಳ್ಳೆಯದು. ವೀಸಾ ಹಳೆಯದರಲ್ಲಿದ್ದರೆ ಅದನ್ನೂ ಜೋಪಾನ ಮಾಡಿ.

ಹರಿದ ಹಾಳೆಗೆ ಸುಮ್ನೆ ಟೇಪ್ ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ತಿದ್ದಿದ ಹಾಗೆ ಕಂಡರೆ ಇಮಿಗ್ರೇಷನ್‌ನಲ್ಲಿ ಜಾಸ್ತಿ ತೊಂದರೆ. ಊರಿನಲ್ಲೇ ಹಾಳಾಗಿದ್ದರೆ, 36 ಪುಟದ್ದಕ್ಕೆ ಸರ್ಕಾರಿ ಶುಲ್ಕ 3,000 ರೂಪಾಯಿ.